ಸಿಸ್ಟರ್ ಮತ್ತು ರೋಗಿ: ಈ ಸಂಬಂಧವನ್ನು ತರಗತಿಯಲ್ಲಿ ಕಲಿಸಲು ಸಾಧ್ಯವೇ?

ಮುಂಬೈನ ಪರೇಲ್‌ನಲ್ಲಿರುವ ಕೆಇಎಂ ಆಸ್ಪತ್ರೆಯ 4ನೇ ವಾರ್ಡ್‌ಗೆ ಹೊಂದಿಕೊಂಡ ಒಂದು ಕೋಣೆಯಲ್ಲಿ ಒಬ್ಬರೇ ರೋಗಿ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದರು. ಅವರು ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲೂಕಿನ ಹಳದೀಪುರದಿಂದ ಮುಂಬೈಗೆ ಬಂದಿದ್ದ ಅರುಣಾ ಶಾನಭಾಗ. ಅದೇ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರ ನವೆಂಬರ್ 27ರಂದು ಆಸ್ಪತ್ರೆಯ ಸಫಾಯಿ ಕೆಲಸಗಾರನೊಬ್ಬ ನಡೆಸಿದ ಕ್ರೂರ ದಾಳಿಯಲ್ಲಿ ಮಿದುಳಿಗೆ ಆಮ್ಲಜನಕ ನಿಂತುಹೋಗಿ ಅವರು ಹಾಸಿಗೆ ಹಿಡಿದರು. ಮತ್ತೆ ಏಳಲಿಲ್ಲ. 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು.

ಇದರ ನಡುವೆ, ಅವರಿಗೆ ದಯಾಮರಣ ನೀಡಬೇಕೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2011ರ ಮಾರ್ಚ್ 7ರ ತೀರ್ಪಿನಲ್ಲಿ ಕೋರ್ಟ್ ಆ ಮನವಿಯನ್ನು ಒಪ್ಪಲಿಲ್ಲ. ಕಠಿಣ ಷರತ್ತುಗಳೊಂದಿಗೆ ನಿಷ್ಕ್ರಿಯ ದಯಾಮರಣಕ್ಕೆ ದೇಶದಲ್ಲಿ ದಾರಿ ತೆರೆದರೂ, ಅರುಣಾ ಅವರ ವಿಷಯದಲ್ಲಿ ಮಾತನಾಡುವ ಹಕ್ಕು ಇಷ್ಟು ವರ್ಷ ಅವರನ್ನು ನೋಡಿಕೊಂಡ ಕೆಇಎಂ ಸಿಬ್ಬಂದಿಯದು ಎಂದು ಹೇಳಿತು. ಅಷ್ಟು ವರ್ಷ ಮಲಗಿದ್ದರೂ ಅವರ ಮೈಮೇಲೆ ಹಾಸಿಗೆ ಹುಣ್ಣು ಆಗಿರಲಿಲ್ಲ ಎಂಬುದನ್ನೂ ಕೋರ್ಟ್ ಗಮನಿಸಿತ್ತು.

ಆ ತೀರ್ಪಿನಲ್ಲಿ ದಾಖಲಾದ ಒಂದು ಸಣ್ಣ ಸಂಗತಿ ಹೆಚ್ಚು ಚರ್ಚೆಯಾಗಲಿಲ್ಲ. ಅರುಣಾ ಅವರಿಗೆ ಮಾತು ಬರುತ್ತಿರಲಿಲ್ಲ. ಆದರೆ ಮಲ, ಮೂತ್ರಕ್ಕೆ ಹೋಗಬೇಕಾದಾಗ ಒಂದು ಬಗೆಯ ಸದ್ದು ಮಾಡುತ್ತಿದ್ದರು. ಆ ಸದ್ದು ಏನೆಂದು ನರ್ಸ್‌ಗಳಿಗೆ ತಿಳಿಯುತ್ತಿತ್ತು. ಕೂಡಲೇ ಶೌಚಾಲಯಕ್ಕೆ ಕರೆದೊಯ್ಯುತ್ತಿದ್ದರು.

ಮಾತೇ ಇಲ್ಲದ ರೋಗಿಯೊಬ್ಬರ ಸದ್ದಿನ ಅರ್ಥ ಒಬ್ಬ ನರ್ಸ್‌ಗೆ ಗೊತ್ತಾಗಿದ್ದು ಹೇಗೆ? ಆ ನರ್ಸ್ ನಿವೃತ್ತರಾದ ಮೇಲೆ ಬಂದ ಮುಂದಿನ ನರ್ಸ್‌ಗೂ ಅದು ಗೊತ್ತಾಗಿದ್ದು ಹೇಗೆ? ಇದು ಅವರ ಒಳ್ಳೆಯ ಮನಸ್ಸು ಎಂದು ನಾವು ಸುಮ್ಮನಾಗಿಬಿಡುತ್ತೇವೆ. ಒಳ್ಳೆಯ ಮನಸ್ಸು ಬೇಕು, ಸರಿ. ಆದರೆ ರೋಗಿಯನ್ನು ಗಮನಿಸುವುದು, ಅರ್ಥ ಮಾಡಿಕೊಳ್ಳುವುದು, ಆ ತಿಳಿವಳಿಕೆಯನ್ನು ಇನ್ನೊಬ್ಬರಿಗೆ ದಾಟಿಸುವುದು ಒಂದು ಕೌಶಲ. ಅದನ್ನು ಕಲಿಸಬಹುದು ಎಂದು ನರ್ಸಿಂಗ್ ಶಿಕ್ಷಣ ನಂಬುತ್ತದೆ. ಹೇಗೆ ಕಲಿಸುತ್ತಾರೆ, ಎಲ್ಲಿ ಸೋಲುತ್ತಾರೆ ಎಂಬುದನ್ನು ನೋಡೋಣ.

ಏನಿದು ನರ್ಸ್–ರೋಗಿ ಸಂಬಂಧ?

ಇದು ಸ್ನೇಹವಲ್ಲ. ಬಂಧುತ್ವವೂ ಅಲ್ಲ. ಆಳು–ಒಡೆಯನ ಸಂಬಂಧವಂತೂ ಅಲ್ಲವೇ ಅಲ್ಲ. ರೋಗಿಯ ಅಗತ್ಯಕ್ಕಾಗಿ ಶುರುವಾಗಿ, ಅಗತ್ಯ ಮುಗಿದಾಗ ಮುಗಿಯುವ ವೃತ್ತಿಪರ ಸಂಬಂಧ. ಸ್ನೇಹದಲ್ಲಿ ಇಬ್ಬರೂ ಕಷ್ಟ ಸುಖ ಹೇಳಿಕೊಳ್ಳುತ್ತಾರೆ. ಇಲ್ಲಿ ಹೇಳಿಕೊಳ್ಳುವವರು ರೋಗಿ, ಕೇಳಿಸಿಕೊಳ್ಳುವವರು ನರ್ಸ್.

ಇದನ್ನು ಮೊದಲು ಒಂದು ಶಾಸ್ತ್ರದ ರೂಪಕ್ಕೆ ತಂದವರು ಅಮೆರಿಕದ ಹಿಲ್ಡಗಾರ್ಡ್ ಪೆಪ್ಲೌ. ಸ್ವತಃ ನರ್ಸ್ ಆಗಿದ್ದ, ಮಾನಸಿಕ ಆರೋಗ್ಯ ಶುಶ್ರೂಷೆಯಲ್ಲಿ ಕೆಲಸ ಮಾಡಿದ್ದ ಅವರ ಪುಸ್ತಕ ಪ್ರಕಟವಾದದ್ದು 1952ರಲ್ಲಿ. ಹಸ್ತಪ್ರತಿ ಕೆಲವು ವರ್ಷ ಮೊದಲೇ ಸಿದ್ಧವಿತ್ತು. ವೈದ್ಯರೊಬ್ಬರ ಹೆಸರು ಜತೆಗಿಲ್ಲದೆ ನರ್ಸ್ ಒಬ್ಬರೇ ಇಂಥ ಪುಸ್ತಕ ಬರೆಯುವುದೇ ಆ ಕಾಲಕ್ಕೆ ಅತಿ ಎನಿಸಿ ಪ್ರಕಟಣೆ ತಡವಾಯಿತು. ಇಂದು ಭಾರತದ ಬಿಎಸ್‌ಸಿ ನರ್ಸಿಂಗ್ ವಿದ್ಯಾರ್ಥಿಗಳೂ ಪೆಪ್ಲೌ ಹೆಸರನ್ನು ಓದಿಯೇ ಮುಂದೆ ಹೋಗುತ್ತಾರೆ.

ಪೆಪ್ಲೌ ಹೇಳಿದ್ದು ಸರಳ. ಈ ಸಂಬಂಧ ನಾಲ್ಕು ಹಂತಗಳಲ್ಲಿ ಬೆಳೆಯುತ್ತದೆ. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ವಿಜಯಪುರ ಕಡೆಯ ಹಳ್ಳಿಯಿಂದ ಒಬ್ಬ ಅಜ್ಜಿ ಸೊಂಟದ ಮೂಳೆ ಮುರಿದು ಸೊಲ್ಲಾಪುರದ ಆಸ್ಪತ್ರೆಗೆ ದಾಖಲಾಗಿದ್ದಾರೆ ಎಂದುಕೊಳ್ಳಿ.

ಮೊದಲ ಹಂತ ಪರಿಚಯ. ಇಬ್ಬರೂ ಅಪರಿಚಿತರು. ಅಜ್ಜಿಗೆ ಭಯ. ನರ್ಸ್ ತಮ್ಮ ಹೆಸರು ಹೇಳಿ, ಎಷ್ಟು ಹೊತ್ತಿನವರೆಗೆ ಡ್ಯೂಟಿಯಲ್ಲಿ ಇರುತ್ತೇನೆ, ಬೇಕಾದಾಗ ಹೇಗೆ ಕರೆಯಬೇಕು ಎಂದು ತಿಳಿಸುತ್ತಾರೆ. ಅಜ್ಜಿಯನ್ನು ‘9ನೇ ಬೆಡ್’ ಎನ್ನದೆ ಹೆಸರಿನಿಂದಲೋ, ‘ಆಯಿ’ ಎಂದೋ ಕರೆಯುತ್ತಾರೆ.

ಎರಡನೆಯದು ಗುರುತಿಸಿಕೊಳ್ಳುವ ಹಂತ. ‘ಈ ಸಿಸ್ಟರ್ ಹತ್ತಿರ ಹೇಳಬಹುದು’ ಎಂದು ಅಜ್ಜಿಗೆ ಅನಿಸುತ್ತದೆ. ನೋವು ಎಲ್ಲಿ, ಯಾವಾಗ ಜಾಸ್ತಿ ಎಂದು ಹೇಳತೊಡಗುತ್ತಾರೆ.

ಮೂರನೆಯದು ಬಳಸಿಕೊಳ್ಳುವ ಹಂತ. ಅಜ್ಜಿ ಸಿಗುವ ನೆರವನ್ನೆಲ್ಲ ಪಡೆಯುತ್ತಾರೆ. ವಾಕರ್ ಹಿಡಿದು ನಡೆಯುವುದು ಕಲಿಯುತ್ತಾರೆ, ಮಾತ್ರೆ ಬಗ್ಗೆ ಕೇಳುತ್ತಾರೆ, ಕೆಲವೊಮ್ಮೆ ಹಟ ಮಾಡುತ್ತಾರೆ. ಇಲ್ಲಿ ನರ್ಸ್ ಶಿಕ್ಷಕಿಯೂ ಹೌದು.

ನಾಲ್ಕನೆಯದು ಬಿಡುಗಡೆ. ಡಿಸ್ಚಾರ್ಜ್ ದಿನ ಹತ್ತಿರವಾದಂತೆ ಅವಲಂಬನೆ ಕಡಿಮೆಯಾಗಬೇಕು. ‘ಸಿಸ್ಟರ್ ಇಲ್ಲದೆ ನನ್ನ ಕೈಲಾಗದು’ ಎಂದು ಅಜ್ಜಿ ಮನೆಗೆ ಹೋದರೆ ಕೆಲಸ ಅರ್ಧ ಉಳಿದಂತೆ. ‘ಇನ್ನು ನಾನೇ ಮಾಡಿಕೊಳ್ಳುತ್ತೇನೆ’ ಎಂದರೆ ಸಂಬಂಧ ಸರಿಯಾಗಿ ಮುಗಿಯಿತು ಎಂದರ್ಥ.

ಇದರಿಂದ ರೋಗ ವಾಸಿಯಾಗುತ್ತದೆಯೇ?

ಇಂಜೆಕ್ಷನ್, ಡ್ರೆಸ್ಸಿಂಗ್, ಔಷಧಿ ಸರಿಯಾಗಿ ಆದರೆ ಸಾಲದೇ, ಮಾತುಕತೆ ಯಾಕೆ ಎಂದು ಹಲವರು ಕೇಳುತ್ತಾರೆ. ಕೆಲವು ನರ್ಸಿಂಗ್ ವಿದ್ಯಾರ್ಥಿಗಳೂ ಕೇಳುತ್ತಾರೆ.

ಬ್ರಿಟನ್ನಿನ ಜ್ಯಾಕ್ ಹೇವರ್ಡ್ 1975ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಆಪರೇಷನ್‌ಗೆ ಮೊದಲು ರೋಗಿಗಳಿಗೆ ಏನಾಗುತ್ತದೆ, ಎಚ್ಚರವಾದಾಗ ಹೇಗಿರುತ್ತದೆ, ನೋವು ಎಷ್ಟು ಇರಬಹುದು ಎಂದು ಮೊದಲೇ ವಿವರಿಸಲಾಯಿತು. ಹೀಗೆ ತಿಳಿದುಕೊಂಡವರಿಗೆ ಆಪರೇಷನ್ ನಂತರ ಆತಂಕ ಕಡಿಮೆ ಇತ್ತು, ನೋವು ನಿವಾರಕ ಔಷಧಿಯೂ ಕಡಿಮೆ ಬೇಕಾಯಿತು. ಅಂದರೆ ಹತ್ತು ನಿಮಿಷದ ಮಾತೂ ಒಂದು ಬಗೆಯ ಚಿಕಿತ್ಸೆ.

ಇನ್ನೊಂದು ಬದಿಯೂ ಇದೆ. ನರ್ಸ್ ಮೇಲೆ ನಂಬಿಕೆ ಇಲ್ಲದ ರೋಗಿ ತಮಗೆ ಆಗುತ್ತಿರುವುದನ್ನು ಹೇಳುವುದಿಲ್ಲ. ಬೈಸಿಕೊಳ್ಳುವ ಭಯಕ್ಕೆ ಎದೆ ಹಿಡಿದಂತಾದರೂ ಸುಮ್ಮನಿರುತ್ತಾರೆ. ಮಾತ್ರೆ ನುಂಗಿದೆ ಎಂದು ಹೇಳಿ ದಿಂಬಿನಡಿ ಇಡುತ್ತಾರೆ. ಸಕ್ಕರೆ ಕಾಯಿಲೆ ಇದ್ದವರು ಮನೆಯಿಂದ ಬಂದ ಸಿಹಿಯನ್ನು ಮುಚ್ಚಿಡುತ್ತಾರೆ. ವೈದ್ಯರು ದಿನಕ್ಕೆ ಒಂದೆರಡು ಸಲ ರೌಂಡ್ಸ್‌ಗೆ ಬಂದು ಹೋಗುತ್ತಾರೆ. ದಿನವಿಡೀ ಹಾಸಿಗೆಯ ಬಳಿ ಇರುವವರು ನರ್ಸ್. ಸುಳಿವು ಸಿಗಬೇಕಾದದ್ದು ಅವರಿಗೆ.

ದೂರ ಬೆಳೆಯುವುದು ಎಲ್ಲಿ?

ನರ್ಸಿಂಗ್‌ಗೆ ಸೇರುವ 18 ವರ್ಷದ ಹುಡುಗಿಯೋ ಹುಡುಗನೋ ಸಾಮಾನ್ಯವಾಗಿ ಒರಟು ಸ್ವಭಾವದವರಾಗಿರುವುದಿಲ್ಲ. ಹಾಗಿದ್ದರೂ ಕೆಲವು ವರ್ಷಗಳ ನಂತರ ‘ಏಯ್, 12ನೇ ಬೆಡ್, ಕೈ ಚಾಚಿ’ ಎನ್ನುವ ದನಿ ಎಲ್ಲಿಂದ ಬರುತ್ತದೆ?

ಲಂಡನ್ನಿನ ಮನೋವಿಶ್ಲೇಷಕಿ ಇಸಬೆಲ್ ಮೆನ್ಜೀಸ್ 1950ರ ದಶಕದ ಕೊನೆಯಲ್ಲಿ ಒಂದು ದೊಡ್ಡ ಬೋಧನಾ ಆಸ್ಪತ್ರೆಯಲ್ಲಿ ಇದನ್ನೇ ಅಧ್ಯಯನ ಮಾಡಿದರು. ಸುಮಾರು ಮೂರನೇ ಒಂದರಷ್ಟು ವಿದ್ಯಾರ್ಥಿನಿಯರು ತರಬೇತಿಯನ್ನು ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದರು. ನೋವು, ಸಾವು, ಬೇರೆಯವರ ಮೈ ಮುಟ್ಟುವ ಕೆಲಸ ಇವೆಲ್ಲ ಚಿಕ್ಕ ವಯಸ್ಸಿನವರಲ್ಲಿ ದೊಡ್ಡ ಆತಂಕ ಹುಟ್ಟಿಸುತ್ತವೆ. ಆ ಆತಂಕದ ಬಗ್ಗೆ ಮಾತನಾಡಲು ಜಾಗ ಕೊಡುವ ಬದಲು ಆಸ್ಪತ್ರೆ ಕೆಲಸವನ್ನೇ ತುಂಡು ತುಂಡು ಮಾಡಿತ್ತು. ಒಬ್ಬಳು ಎಲ್ಲರ ಜ್ವರ ನೋಡುವುದು, ಇನ್ನೊಬ್ಬಳು ಎಲ್ಲರಿಗೂ ಬೆಡ್‌ಪ್ಯಾನ್ ಕೊಡುವುದು. ಯಾರೂ ಒಬ್ಬ ರೋಗಿಯನ್ನು ಪೂರ್ತಿಯಾಗಿ ನೋಡಿಕೊಳ್ಳುತ್ತಿರಲಿಲ್ಲ. ರೋಗಿಗೆ ಹೆಸರಿನ ಬದಲು ಬೆಡ್ ನಂಬರ್, ಕಾಯಿಲೆಯ ಅಂಗದ ಹೆಸರು. ಹೀಗೆ ಮಾಡಿದರೆ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ ಎಂಬ ಲೆಕ್ಕ. ಆದರೆ ಆತಂಕ ಕಡಿಮೆಯಾಗಲಿಲ್ಲ, ಕೆಲಸದ ತೃಪ್ತಿ ಮಾತ್ರ ಹೋಯಿತು ಎಂದು ಮೆನ್ಜೀಸ್ ತೋರಿಸಿದರು. ನಮ್ಮ ಅನೇಕ ವಾರ್ಡ್‌ಗಳಲ್ಲಿ ಇಂದಿಗೂ ಕೆಲಸ ಹಂಚುವುದು ಹೀಗೆಯೇ.

1972ರಲ್ಲಿ ಬ್ರಿಟನ್ನಿನ ನರ್ಸ್ ಫೆಲಿಸಿಟಿ ಸ್ಟಾಕ್‌ವೆಲ್ ಇನ್ನೂ ಮುಜುಗರದ ವಿಷಯವನ್ನು ಬಯಲಿಗಿಟ್ಟರು. ವಾರ್ಡ್‌ನಲ್ಲಿ ನರ್ಸ್‌ಗಳಿಗೆ ಇಷ್ಟವಾಗುವ ರೋಗಿಗಳು, ಇಷ್ಟವಾಗದ ರೋಗಿಗಳು ಎಂದು ಎರಡು ಗುಂಪು ಇರುತ್ತದೆ ಎಂಬುದು ಅವರ ಅಧ್ಯಯನದ ಸಾರ. ನಗುತ್ತಾ ಮಾತನಾಡುವವರು, ನರ್ಸ್ ಹೆಸರು ನೆನಪಿಟ್ಟುಕೊಳ್ಳುವವರು, ಹೇಳಿದಂತೆ ಕೇಳುವವರು ಮೊದಲ ಗುಂಪು. ದೂರುವವರು, ಬಹಳ ದಿನ ಆಸ್ಪತ್ರೆಯಲ್ಲೇ ಉಳಿದವರು, ಮಾನಸಿಕ ಕಾಯಿಲೆ ಇದ್ದವರು, ಹೊರದೇಶದವರು ಎರಡನೇ ಗುಂಪು.

ಹೊರಗಿನವರು ಎಂಬ ಮಾತನ್ನು ಮುಂಬೈ, ಪುಣೆ, ಚೆನ್ನೈಗಳಲ್ಲಿರುವ ಕನ್ನಡಿಗರು ಸ್ವಲ್ಪ ನಿಂತು ಓದಬೇಕು. ಭಾಷೆ ಬಾರದ ರೋಗಿ ಜೋಕ್ ಮಾಡಲಾರ. ಸಿಸ್ಟರ್ ಹೆಸರು ಕೇಳಲಾರ. ಏನು ಬೇಕೆಂದು ಹೇಳಲು ಮೂರು ಸಲ ಕರೆಯುತ್ತಾನೆ. ಆತ ‘ತಂಟೆ ರೋಗಿ’ ಎನಿಸಿಕೊಳ್ಳುವುದು ಸ್ವಭಾವದಿಂದಲ್ಲ, ಮಾತು ತಿಳಿಯದ್ದರಿಂದ.

ಬೊಂಬೆಯಿಂದ ಹಾಸಿಗೆಯವರೆಗೆ: ಹೇಗೆ ಕಲಿಸುತ್ತಾರೆ?

ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರಿನ ತರಬೇತಿ ಶಾಲೆ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 1860ರಲ್ಲಿ ಶುರುವಾಯಿತು. ಭಾರತದಲ್ಲಿ ಪದವಿ ಮಟ್ಟದ ನರ್ಸಿಂಗ್ ಶಿಕ್ಷಣ ಆರಂಭವಾದದ್ದು 1946ರಲ್ಲಿ, ದೆಹಲಿ ಮತ್ತು ವೆಲ್ಲೂರಿನಲ್ಲಿ. 1947ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ ಬಂತು. 2023ರಲ್ಲಿ ಅದರ ಜಾಗಕ್ಕೆ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಹೊಸ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿತು. ಇಂದು ಎಎನ್ಎಂ 2 ವರ್ಷ, ಜಿಎನ್ಎಂ 3 ವರ್ಷ, ಬಿಎಸ್‌ಸಿ ನರ್ಸಿಂಗ್ 4 ವರ್ಷದ ಕೋರ್ಸ್. ಬೆಂಗಳೂರಿಗೂ ಇಲ್ಲಿ ಒಂದು ಹೆಮ್ಮೆ ಇದೆ. ಮಾತುಕತೆಯೇ ಮುಖ್ಯ ಚಿಕಿತ್ಸೆಯಾಗಿರುವ ಮಾನಸಿಕ ಆರೋಗ್ಯ ಶುಶ್ರೂಷೆಯ ವಿಶೇಷ ತರಬೇತಿ ಇಂದಿನ ನಿಮ್ಹಾನ್ಸ್‌ನ ಹಿಂದಿನ ರೂಪವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ 1950ರ ದಶಕದಲ್ಲೇ ಶುರುವಾಗಿತ್ತು.

ಕಲಿಸುವ ವಿಧಾನಗಳು ಹಲವು. ಉಪನ್ಯಾಸದಿಂದ ಹಿಡಿದು ರೋಗಿಯ ಪಕ್ಕ ನಿಂತು ಕಲಿಯುವವರೆಗೆ ಪ್ರತಿಯೊಂದಕ್ಕೂ ಒಂದು ಮಿತಿ, ಒಂದು ಉಪಯೋಗ ಇದೆ.

ಉಪನ್ಯಾಸ: ‘ಅನುಭೂತಿ ಎಂದರೇನು? ಐದು ಅಂಶ ಬರೆಯಿರಿ’ ಎಂದರೆ ವಿದ್ಯಾರ್ಥಿ ಐದಲ್ಲ, ಎಂಟು ಬರೆಯುತ್ತಾನೆ. ಮರುದಿನ ವಾರ್ಡ್‌ನಲ್ಲಿ ಅಳುತ್ತಿರುವ ರೋಗಿಯ ಮುಂದೆ ಏನು ಮಾಡಬೇಕೆಂದು ತಿಳಿಯದೆ ಬಿಪಿ ಯಂತ್ರ ಹಿಡಿದು ನಿಲ್ಲುತ್ತಾನೆ. ಜಾರ್ಜ್ ಮಿಲ್ಲರ್ ಎಂಬ ವೈದ್ಯಕೀಯ ಶಿಕ್ಷಣ ತಜ್ಞರು 1990ರಲ್ಲಿ ಇದನ್ನು ಒಂದು ಪಿರಮಿಡ್ ಮಾಡಿ ತೋರಿಸಿದರು. ತಳದಲ್ಲಿ ತಿಳಿದಿರುವುದು, ಅದರ ಮೇಲೆ ಹೇಗೆಂದು ತಿಳಿದಿರುವುದು, ಅದರ ಮೇಲೆ ಮಾಡಿ ತೋರಿಸುವುದು, ತುದಿಯಲ್ಲಿ ನಿಜ ಕೆಲಸದಲ್ಲಿ ಮಾಡುವುದು. ಉಪನ್ಯಾಸ ತಳದ ಮೆಟ್ಟಿಲಷ್ಟೇ.

ಪ್ರಾತ್ಯಕ್ಷಿಕೆ ಮತ್ತು ಬೊಂಬೆ: ಶಿಕ್ಷಕರು ಮಾಡಿ ತೋರಿಸುತ್ತಾರೆ, ವಿದ್ಯಾರ್ಥಿ ಮರಳಿ ಮಾಡಿ ತೋರಿಸುತ್ತಾನೆ. ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಗೆ 1911ರಲ್ಲಿ ಬೊಂಬೆ ತಯಾರಕಿ ಮಾರ್ಥಾ ಚೇಸ್ ಆಳೆತ್ತರದ ಬೊಂಬೆ ಮಾಡಿಕೊಟ್ಟರು. ‘ಮಿಸೆಸ್ ಚೇಸ್’ ಎಂದೇ ಅದು ಹೆಸರಾಯಿತು. ಇಂದಿನ ಬೊಂಬೆಗಳಿಗೆ ನಾಡಿ ಬಡಿತ, ಉಸಿರು, ಕೆಮ್ಮು ಎಲ್ಲ ಇದೆ. ಕೈಕೆಲಸ ಕಲಿಯಲು, ತಪ್ಪಿದರೂ ಯಾರಿಗೂ ನೋವಾಗದಂತೆ ಅಭ್ಯಾಸ ಮಾಡಲು ಇವು ಬಹಳ ಒಳ್ಳೆಯವು. ಆದರೆ ಬೊಂಬೆಗೆ ನಾಚಿಕೆ ಇಲ್ಲ. ಸೀರೆ ಸರಿಸಿದರೆ ಅದು ಮುದುಡಿಕೊಳ್ಳುವುದಿಲ್ಲ. ಬೊಂಬೆಯ ಮೇಲೆ ಮಾತ್ರ ಕಲಿತವರು ಪರದೆ ಎಳೆಯುವುದನ್ನು ಮರೆಯುತ್ತಾರೆ.

ಪಾತ್ರಾಭಿನಯ: ವಿದ್ಯಾರ್ಥಿಗಳೇ ರೋಗಿ, ನರ್ಸ್, ಸಿಟ್ಟಾದ ಸಂಬಂಧಿಕ ಆಗುತ್ತಾರೆ. ಇದರಲ್ಲಿ ಹೆಚ್ಚು ಕಲಿಯುವುದು ರೋಗಿಯ ಪಾತ್ರ ಮಾಡಿದವರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಸಹಪಾಠಿಯಿಂದ ಅನ್ನ ತಿನ್ನಿಸಿಕೊಂಡರೆ, ಮುಂದಿನ ತುತ್ತು ಯಾವಾಗ ಬರುತ್ತದೆ ಎಂದು ಹೇಳದೆ ತಿನ್ನಿಸುವುದು ಎಷ್ಟು ಹಿಂಸೆ ಎಂದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಅಮೆರಿಕದ ವೈದ್ಯ ಹೋವರ್ಡ್ ಬ್ಯಾರೋಸ್ 1963ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ರೋಗಿಯಂತೆ ನಟಿಸಲು ತರಬೇತಿ ಪಡೆದವರನ್ನು ವಿದ್ಯಾರ್ಥಿಗಳ ಮುಂದೆ ಕೂರಿಸಿದರು. ಕೊನೆಯಲ್ಲಿ ಆ ‘ರೋಗಿ’ಯೇ ಹೇಳಬಲ್ಲರು: ‘ನೀವು ನನ್ನ ಮುಖ ನೋಡಲೇ ಇಲ್ಲ, ಫೈಲ್ ನೋಡುತ್ತಾ ಮಾತನಾಡಿದಿರಿ’ ಎಂದು.

ಹಾಸಿಗೆಯ ಪಕ್ಕದ ಪಾಠ: ಎಲ್ಲಕ್ಕಿಂತ ಹಳೆಯ, ಈಗಲೂ ಬೇರೆ ಬದಲಿ ಇಲ್ಲದ ವಿಧಾನ. ಅನುಭವಿ ನರ್ಸ್ ರೋಗಿಯ ಹತ್ತಿರ ಹೇಗೆ ಹೋಗುತ್ತಾರೆ, ಮುಟ್ಟುವ ಮೊದಲು ಹೇಗೆ ಹೇಳುತ್ತಾರೆ, ಸತ್ತವರ ಮನೆಯವರ ಮುಂದೆ ಹೇಗೆ ನಿಲ್ಲುತ್ತಾರೆ ಎಂಬುದನ್ನು ವಿದ್ಯಾರ್ಥಿ ನೋಡಿ ಕಲಿಯುತ್ತಾನೆ. ಅಪಾಯವೂ ಇಲ್ಲೇ ಇದೆ. ಅವರು ಗದರುವುದನ್ನು ನೋಡಿದರೆ ಗದರುವುದನ್ನೇ ಕಲಿಯುತ್ತಾನೆ.

ಒಂದು ಸಂಭಾಷಣೆ ಬರೆದು ನೋಡುವ ಪಾಠ

ಪೆಪ್ಲೌ ಬಳಕೆಗೆ ತಂದ ಒಂದು ವಿಧಾನ ಮಾನಸಿಕ ಆರೋಗ್ಯ ಶುಶ್ರೂಷೆಯ ಪಾಠದಲ್ಲಿ ಇಂದಿಗೂ ಇದೆ. ಅದರ ಹೆಸರು ‘ಪ್ರೊಸೆಸ್ ರೆಕಾರ್ಡಿಂಗ್’. ರೋಗಿಯೊಂದಿಗೆ ನಡೆದ ಮಾತುಕತೆಯನ್ನು ವಿದ್ಯಾರ್ಥಿ ನೆನಪಿಸಿಕೊಂಡು ಹಾಗೆಯೇ ಬರೆಯಬೇಕು. ರೋಗಿ ಏನು ಹೇಳಿದರು, ನಾನು ಏನು ಹೇಳಿದೆ, ಆಗ ನನಗೆ ಏನನಿಸಿತು, ಈಗ ನೋಡಿದರೆ ಸರಿಯೇ ಎಂದು ನಾಲ್ಕು ಕಾಲಂ. ಆಮೇಲೆ ಶಿಕ್ಷಕರೊಂದಿಗೆ ಕುಳಿತು ಚರ್ಚೆ.

ನಮ್ಮ ಸೊಲ್ಲಾಪುರದ ಅಜ್ಜಿಯ ಉದಾಹರಣೆಗೇ ಬರೋಣ. ಕನ್ನಡ ಬಲ್ಲ ವಿದ್ಯಾರ್ಥಿನಿಯೊಬ್ಬಳು ಹೀಗೆ ಬರೆದಿದ್ದಾಳೆ ಎಂದುಕೊಳ್ಳಿ.

ಅಜ್ಜಿ: ‘ನನಗೇನೂ ಬ್ಯಾಡವಾ, ಮನೀಗಿ ಕಳಿಸಿಬಿಡ್ರಿ.’

ವಿದ್ಯಾರ್ಥಿನಿ: ‘ಹಂಗ ಅನ್ನಬಾರದು ಆಯಿ, ಎಲ್ಲಾ ಛಲೋ ಆಗ್ತದ. ನೀರು ಕುಡೀರಿ.’

ಅಜ್ಜಿ ಮುಖ ತಿರುಗಿಸಿ ಮಲಗಿದರು.

ವಿದ್ಯಾರ್ಥಿನಿಗೆ ಅನಿಸಿದ್ದು: ‘ನಾನು ಸಮಾಧಾನ ಹೇಳಿದೆ. ಆದರೂ ಅವರಿಗೆ ಸಿಟ್ಟು.’

ಶಿಕ್ಷಕಿ ಕೇಳುತ್ತಾರೆ: ‘ಎಲ್ಲಾ ಛಲೋ ಆಗ್ತದ ಅಂತ ನಿನಗೆ ಗೊತ್ತಿತ್ತಾ?’ ಗೊತ್ತಿರಲಿಲ್ಲ. ಇದು ಪೊಳ್ಳು ಭರವಸೆ. ಮಾತು ಅಲ್ಲಿಗೇ ನಿಂತುಹೋಗುತ್ತದೆ. ‘ಅಜ್ಜಿ ಮನೆಗೆ ಹೋಗಬೇಕು ಅಂದಾಗ ಯಾಕೆ ಅಂತ ಕೇಳಿದೆಯಾ?’ ಕೇಳಿರಲಿಲ್ಲ.

ಮರುದಿನ ಆಕೆ ಸ್ಟೂಲ್ ಎಳೆದುಕೊಂಡು ಕುಳಿತು ಕೇಳುತ್ತಾಳೆ: ‘ಆಯಿ, ಮನೀ ನೆನಪಾಗಾಕ ಹತ್ತೇತೇನು? ಇಲ್ಲಿ ಏನು ತ್ರಾಸ ಆಗಾಕತ್ತೈತಿ?’ ಸ್ವಲ್ಪ ಹೊತ್ತು ಸುಮ್ಮನಿದ್ದು ಅಜ್ಜಿ ಹೇಳುತ್ತಾರೆ: ‘ಇಲ್ಲಿ ಒಂದಕ್ಕ ಹೋಗಬೇಕಂದ್ರ ಮಂದಿನ್ನ ಕರೀಬೇಕವಾ. ಗಂಡಸರು ಓಡಾಡ್ತಾರ. ಅದಕ್ಕ ನೀರ ಕುಡಿಯೂದ ಬಿಟ್ಟೀನಿ.’

ಒಂದೇ ಪ್ರಶ್ನೆಗೆ ಇಡೀ ಚಿತ್ರ ಬದಲಾಯಿತು. ನೀರು ಕುಡಿಯದಿದ್ದರೆ ವಯಸ್ಸಾದವರಿಗೆ ಮೂತ್ರದ ಸೋಂಕು, ಮಲಬದ್ಧತೆ, ಗೊಂದಲ ಎಲ್ಲ ಬರುತ್ತದೆ. ಪರಿಹಾರ ಔಷಧಿಯಲ್ಲ. ಬೆಡ್‌ಪ್ಯಾನ್ ಕೊಡುವಾಗ ಪರದೆ ಎಳೆಯುವುದು, ಕೇಳುವ ಮೊದಲೇ ಎರಡು ಮೂರು ಗಂಟೆಗೊಮ್ಮೆ ತಾನೇ ಹೋಗಿ ವಿಚಾರಿಸುವುದು, ರಾತ್ರಿ ಪಾಳಿಯವರಿಗೆ ಅದನ್ನು ಬರೆದು ತಿಳಿಸುವುದು. ಕೆಇಎಂನ ಕೋಣೆಯಲ್ಲೂ ಬೇಕಾಗಿದ್ದದ್ದು ಇಂಥದ್ದೇ: ಗಮನಿಸುವುದು, ಅರ್ಥ ಹಿಡಿಯುವುದು, ಮುಂದಿನವರಿಗೆ ದಾಟಿಸುವುದು.

ಪರೀಕ್ಷೆಯಲ್ಲಿ ಇದನ್ನು ಅಳೆಯುವುದು ಹೇಗೆ?

ಪರೀಕ್ಷೆಗೆ ಬಾರದ್ದನ್ನು ವಿದ್ಯಾರ್ಥಿಗಳು ಓದುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಸ್ಕಾಟ್ಲೆಂಡ್‌ನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ 1975ರಲ್ಲಿ ಪರಿಚಯಿಸಿದ ‘ಓಸ್ಕಿ’ ಪರೀಕ್ಷೆ ಇದಕ್ಕೆ ಒಂದು ದಾರಿ. ವಿದ್ಯಾರ್ಥಿ ಒಂದರ ನಂತರ ಒಂದು ಮೇಜಿಗೆ ಹೋಗುತ್ತಾನೆ. ಒಂದೊಂದರಲ್ಲೂ ಕೆಲವು ನಿಮಿಷ. ಒಂದು ಕಡೆ ಇಂಜೆಕ್ಷನ್ ಕೊಡಬೇಕು, ಇನ್ನೊಂದು ಕಡೆ ಇನ್ಸುಲಿನ್ ತೆಗೆದುಕೊಳ್ಳುವುದನ್ನು ರೋಗಿಗೆ ತಿಳಿಸಿ ಹೇಳಬೇಕು. ಪರೀಕ್ಷಕರ ಕೈಯಲ್ಲಿ ಪಟ್ಟಿ ಇರುತ್ತದೆ: ಹೆಸರು ಹೇಳಿ ಪರಿಚಯಿಸಿಕೊಂಡನೇ? ಅನುಮತಿ ಕೇಳಿದನೇ? ರೋಗಿಗೆ ಅರ್ಥವಾಯಿತೇ ಎಂದು ಖಚಿತಪಡಿಸಿಕೊಂಡನೇ? ಇವಕ್ಕೂ ಅಂಕ ಇರುತ್ತದೆ.

ಇಲ್ಲೊಂದು ಎಚ್ಚರಿಕೆ ಬೇಕು. ಪಟ್ಟಿಯ ಅಂಕಕ್ಕಾಗಿ ‘ನಮಸ್ಕಾರ, ನನ್ನ ಹೆಸರು...’ ಎಂದು ಗಿಳಿಪಾಠ ಒಪ್ಪಿಸುವವರೂ ಇದ್ದಾರೆ. ಆದ್ದರಿಂದ ಪರೀಕ್ಷೆ ಒಂದೇ ಸಾಲದು. ವರ್ಷವಿಡೀ ವಾರ್ಡ್‌ನಲ್ಲಿ ಗಮನಿಸಿ ಅಂಕ ಕೊಡುವ ಪದ್ಧತಿಯೂ ಜತೆಗಿರಬೇಕು.

ಎಲ್ಲೆ ಎಲ್ಲಿದೆ?

ಸಂಬಂಧ ಕಲಿಸುವುದೆಂದರೆ ಎಲ್ಲೆಯನ್ನೂ ಕಲಿಸುವುದು. ರೋಗಿಯ ಗುಟ್ಟು ವಾರ್ಡ್‌ನ ಹೊರಗೆ ಹೋಗಬಾರದು. ರೋಗಿಯ ಜತೆ ಫೋಟೊ ತೆಗೆದು ಸ್ಟೇಟಸ್ ಹಾಕಬಾರದು. ಹಣ, ಬೆಲೆಬಾಳುವ ಉಡುಗೊರೆ ತೆಗೆದುಕೊಳ್ಳಬಾರದು. ಮುಟ್ಟುವ ಮೊದಲು ಹೇಳಬೇಕು. ಪುರುಷ ನರ್ಸ್ ಮಹಿಳಾ ರೋಗಿಯ ಸೇವೆ ಮಾಡುವಾಗ ಅವರ ಒಪ್ಪಿಗೆ ಪಡೆದು, ಮಹಿಳಾ ಸಿಬ್ಬಂದಿಯೊಬ್ಬರನ್ನು ಜತೆಗಿರಿಸಿಕೊಳ್ಳುವುದು ಇಬ್ಬರಿಗೂ ಕ್ಷೇಮ.

ಎಲ್ಲೆ ರೋಗಿಯ ಕಡೆಯವರಿಗೂ ಇದೆ. ನರ್ಸ್‌ಗಳನ್ನು ಬೈಯುವುದು, ಕೈ ಮಾಡುವುದು, ಅಸಭ್ಯವಾಗಿ ನಡೆದುಕೊಳ್ಳುವುದನ್ನು ‘ರೋಗಿ ಅಲ್ಲವೇ, ಸಹಿಸಿಕೊಳ್ಳಿ’ ಎಂದು ಮುಚ್ಚಿಹಾಕುವುದು ಪಾಠವಲ್ಲ. ಅಂಥ ಸಂದರ್ಭದಲ್ಲಿ ಹೇಗೆ ಮಾತು ನಿಲ್ಲಿಸಬೇಕು, ಯಾರಿಗೆ ದೂರು ಕೊಡಬೇಕು ಎಂಬುದೂ ಪಠ್ಯದ ಭಾಗವಾಗಬೇಕು. ಅರುಣಾ ಶಾನಭಾಗ ಅವರ ಮೇಲೆ ದಾಳಿಯಾದದ್ದು ಅವರು ಕೆಲಸ ಮಾಡುತ್ತಿದ್ದ ಆಸ್ಪತ್ರೆಯೊಳಗೇ. ಆ ನಂತರ ಅಲ್ಲಿನ ನರ್ಸ್‌ಗಳು ಮುಷ್ಕರ ಮಾಡಿ ಕೇಳಿದ್ದರಲ್ಲಿ ಸುರಕ್ಷಿತ ಕೆಲಸದ ಜಾಗವೂ ಸೇರಿತ್ತು.

ಭಾಷೆ ಬೇರೆಯಾದಾಗ

ಮಂಗಳೂರು, ಬೆಂಗಳೂರಿನ ಕಾಲೇಜುಗಳಲ್ಲಿ ಕೇರಳದಿಂದ ಬಂದವರು ಓದುತ್ತಾರೆ. ಕರ್ನಾಟಕದಲ್ಲಿ ಓದಿದವರು ಮುಂಬೈ, ದೆಹಲಿ, ಹೈದರಾಬಾದ್‌ನಲ್ಲಿ ಕೆಲಸ ಮಾಡುತ್ತಾರೆ. ಬೆಳಗಾವಿ, ವಿಜಯಪುರದ ರೋಗಿಗಳು ಮೀರಜ್, ಸೊಲ್ಲಾಪುರಕ್ಕೆ ಹೋಗುತ್ತಾರೆ. ಪಠ್ಯ ಇಂಗ್ಲಿಷ್‌ನಲ್ಲಿದೆ, ರೋಗಿಯ ನೋವು ಅವರವರ ಭಾಷೆಯಲ್ಲಿದೆ. ‘ಹೊಟ್ಟೆ ತೊಳಸುತ್ತದೆ’, ‘ಹೊಟ್ಟೆ ಕಿವುಚುತ್ತದೆ’, ‘ಹೊಟ್ಟೆ ಉಬ್ಬರಿಸಿದೆ’ ಈ ಮೂರೂ ಬೇರೆ ಬೇರೆ. ಮೂರಕ್ಕೂ ‘ಹೊಟ್ಟೆ ನೋವು’ ಎಂದು ಬರೆದರೆ ವೈದ್ಯರಿಗೆ ಸಿಗುವ ಮಾಹಿತಿ ತಪ್ಪುತ್ತದೆ.

ಮನೆಯವರನ್ನೇ ದುಭಾಷಿಯಾಗಿ ಬಳಸುವುದು ನಮ್ಮಲ್ಲಿ ರೂಢಿ. ಸಣ್ಣ ವಿಷಯಕ್ಕೆ ಪರವಾಗಿಲ್ಲ. ಆದರೆ ಸೊಸೆಯ ಮುಟ್ಟಿನ ತೊಂದರೆಯನ್ನು ಅತ್ತೆ ಅನುವಾದಿಸಿದರೆ, ತಂದೆಯ ಕ್ಯಾನ್ಸರ್ ವಿಷಯವನ್ನು ಮಗ ಅನುವಾದಿಸಿದರೆ ಅರ್ಧ ಮಾತು ಉಳಿದೇ ಹೋಗುತ್ತದೆ. ಇಂಥ ಕಡೆ ಆ ಭಾಷೆ ಬಲ್ಲ ಸಿಬ್ಬಂದಿಯನ್ನು ಕರೆಯುವುದು ಸರಿಯಾದ ದಾರಿ.

ಇದಕ್ಕೆ ‘ಟೀಚ್ ಬ್ಯಾಕ್’ ಎಂಬ ಸುಲಭ ವಿಧಾನವೂ ಇದೆ. ‘ಅರ್ಥ ಆಯ್ತಾ?’ ಎಂದರೆ ಎಲ್ಲರೂ ‘ಹ್ಞೂಂ’ ಎನ್ನುತ್ತಾರೆ. ಅದರ ಬದಲು ‘ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು, ಮನೆಗೆ ಹೋದ ಮೇಲೆ ಈ ಮಾತ್ರೆ ಹೇಗೆ ತೆಗೆದುಕೊಳ್ಳುತ್ತೀರಿ ಹೇಳಿ’ ಎಂದು ಕೇಳಬೇಕು. ರೋಗಿ ತಪ್ಪಾಗಿ ಹೇಳಿದರೆ ತಪ್ಪು ವಿವರಿಸಿದವರದು. ಮತ್ತೆ ಹೇಳಬೇಕು.

ಕಲಿತದ್ದು ವಾರ್ಡ್‌ನಲ್ಲಿ ಉಳಿಯುತ್ತದೆಯೇ?

ಒಂದು ಲೆಕ್ಕ ಹಾಕಿ. 8 ಗಂಟೆಯ ಪಾಳಿ ಎಂದರೆ 480 ನಿಮಿಷ. 30 ರೋಗಿಗಳ ವಾರ್ಡ್‌ಗೆ ಒಬ್ಬರೇ ನರ್ಸ್ ಇದ್ದರೆ ಒಬ್ಬ ರೋಗಿಗೆ 16 ನಿಮಿಷ. ಅದರಲ್ಲೇ ಔಷಧಿ, ಇಂಜೆಕ್ಷನ್, ಡ್ರೆಸ್ಸಿಂಗ್, ದಾಖಲೆ ಬರೆಯುವುದು, ಊಟ, ಫೋನ್ ಎಲ್ಲ. ಸ್ಟೂಲ್ ಎಳೆದು ಕುಳಿತುಕೊಳ್ಳಲು ಎಲ್ಲಿ ಸಮಯ?

ಇದು ಬರೀ ಸೌಜನ್ಯದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ನೋಡಿ ಲಿಂಡಾ ಐಕೆನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನರ್ಸ್ ಒಬ್ಬರಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಆಪರೇಷನ್ ಆದ ರೋಗಿಗಳು 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಹೆಚ್ಚುತ್ತದೆ. ಮಾತನಾಡಲು ಬಿಡುವಿಲ್ಲದಲ್ಲಿ ಗಮನಿಸಲೂ ಬಿಡುವಿರುವುದಿಲ್ಲ.

ಇನ್ನೊಂದು ತೊಡಕು ಶಿಕ್ಷಣದೊಳಗೇ ಇದೆ. ಕಲಿಯಲು ಬಂದ ವಿದ್ಯಾರ್ಥಿಯನ್ನು ಸಿಬ್ಬಂದಿ ಕೊರತೆ ತುಂಬುವ ಕೈ ಎಂದು ನೋಡಿದರೆ ಪಾಠ ಆಗುವುದಿಲ್ಲ. ಎಲ್ಲರ ಮುಂದೆ ಬೈಸಿಕೊಂಡು, ತಪ್ಪು ಹೇಳಲು ಹೆದರುತ್ತಾ ಕಲಿತವರು ರೋಗಿಯ ಜತೆಗೂ ಹಾಗೆಯೇ ನಡೆದುಕೊಳ್ಳುವ ಸಂಭವ ಹೆಚ್ಚು. ಮೊದಲ ಸಾವನ್ನು ಕಂಡ ರಾತ್ರಿ ಆ ವಿದ್ಯಾರ್ಥಿಯನ್ನು ಕರೆದು ‘ನಿನಗೆ ಹೇಗನಿಸುತ್ತಿದೆ?’ ಎಂದು ಶಿಕ್ಷಕರು ಕೇಳಿದರೆ, ಆಕೆ ಅದೇ ಪ್ರಶ್ನೆಯನ್ನು ರೋಗಿಯ ಮನೆಯವರಿಗೆ ಕೇಳಲು ಕಲಿಯುತ್ತಾಳೆ.

ಮಗಳನ್ನೋ ಮಗನನ್ನೋ ನರ್ಸಿಂಗ್‌ಗೆ ಸೇರಿಸುವಿರಾ?

ಕಾಲೇಜಿನ ಕಟ್ಟಡ, ಹಾಸ್ಟೆಲ್, ಶುಲ್ಕ ನೋಡುವುದರ ಜತೆಗೆ ಇವನ್ನೂ ಕೇಳಿ:

* ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ? ಅಲ್ಲಿ ನಿಜವಾಗಿ ರೋಗಿಗಳಿದ್ದಾರೆಯೇ? ಒಂದು ಸಲ ಹೋಗಿ ನೋಡಿ.
* ವಾರ್ಡ್‌ನಲ್ಲಿ ವಿದ್ಯಾರ್ಥಿಗಳ ಜತೆ ಶಿಕ್ಷಕರು ಇರುತ್ತಾರೆಯೇ, ಬಿಟ್ಟು ಹೋಗುತ್ತಾರೆಯೇ?
* ವಿದ್ಯಾರ್ಥಿಗೆ ಕೆಲಸ ಹಂಚುವುದು ಹೇಗೆ? ಕೆಲವು ರೋಗಿಗಳ ಪೂರ್ತಿ ಆರೈಕೆಯೇ, ಇಡೀ ವಾರ್ಡ್‌ನ ಬಿಪಿ ನೋಡುವುದೇ?
* ಸ್ಥಳೀಯ ಭಾಷೆ ಕಲಿಸುತ್ತಾರೆಯೇ?
* ವಿದ್ಯಾರ್ಥಿಗಳಿಗೆ ಮನಸ್ಸಿನ ಭಾರ ಹೇಳಿಕೊಳ್ಳಲು ಆಪ್ತ ಸಮಾಲೋಚಕರು ಇದ್ದಾರೆಯೇ?

ರೋಗಿಯಾಗಿ ಅಥವಾ ರೋಗಿಯ ಮನೆಯವರಾಗಿ ಆಸ್ಪತ್ರೆಯಲ್ಲಿ ಇರಬೇಕಾಗಿ ಬಂದರೆ ನಾವು ಮಾಡಬಹುದಾದದ್ದೂ ಇದೆ. ಸಿಸ್ಟರ್, ಬ್ರದರ್ ಅವರ ಹೆಸರು ಕೇಳಿ. ಬಾರದ ಭಾಷೆಯಾದರೆ ನೀರು, ನೋವು, ಶೌಚ, ವಾಂತಿ, ಉಸಿರು ಈ ಐದು ಪದಗಳನ್ನು ಆ ಊರಿನ ಭಾಷೆಯಲ್ಲಿ ಕಾಗದದಲ್ಲಿ ಬರೆದು ಹಾಸಿಗೆಯ ಬಳಿ ಇಡಿ. ಅರ್ಥವಾಗದ್ದನ್ನು ಮತ್ತೆ ಕೇಳಲು ಸಂಕೋಚ ಬೇಡ. ನಾಚಿಕೆಗೆ ನೀರು ಕುಡಿಯುವುದನ್ನು ಬಿಟ್ಟ ಅಜ್ಜಿ ನಿಮ್ಮ ಮನೆಯಲ್ಲೂ ಇರಬಹುದು. ಅವರ ಪರವಾಗಿ ನೀವೇ ಹೋಗಿ ಸಿಸ್ಟರ್‌ಗೆ ಹೇಳಿ.